ಇಂಗ್ಲಿಷಿನ ‘ಡು’: ಅರ್ಥ ಕಡಿಮೆ, ಕೆಲಸ ಜಾಸ್ತಿ

‘ಡು’ ಅಂದರೆ ಏನು ಅಂತ ಯಾರನ್ನೇ ಕೇಳಿ, ‘ಮಾಡು’ ಅಂತ ತಕ್ಷಣ ಹೇಳುತ್ತಾರೆ. ಸರಿಯಾದ ಉತ್ತರವೇ. ಆದರೆ ‘ಡು ಯು ಲೈಕ್ ಕಾಫಿ?’ ಅನ್ನುವ ಪ್ರಶ್ನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ? ‘ನಿಮಗೆ ಕಾಫಿ ಇಷ್ಟವಾ?’ ಅಷ್ಟೇ ಅದರ ಅರ್ಥ. ಮಾಡುವ ಮಾತೇ ಅಲ್ಲಿಲ್ಲ. ‘ಇಟ್ ಡಿಡ್ ನಾಟ್ ರೇನ್’ ಅಂದರೆ ಮಳೆ ಬರಲಿಲ್ಲ. ಅಲ್ಲೂ ಯಾರೂ ಏನೂ ಮಾಡಿಲ್ಲ.

ಇನ್ನೂ ಸ್ಪಷ್ಟವಾಗಿ ನೋಡಬೇಕೆಂದರೆ ‘ವಾಟ್ ಡು ಯು ಡು?’ ಅನ್ನುವ ಪ್ರಶ್ನೆ ತೆಗೆದುಕೊಳ್ಳಿ. ‘ನೀವೇನು ಮಾಡುತ್ತೀರಿ?’ ಅಂತ ಅರ್ಥ. ಕನ್ನಡದಲ್ಲಿ ‘ಮಾಡು’ ಒಂದು ಸಲ ಬಂದಿದೆ, ಇಂಗ್ಲಿಷಿನಲ್ಲಿ ‘ಡು’ ಎರಡು ಸಲ. ಕೊನೆಯ ‘ಡು’ಗೆ ‘ಮಾಡು’ ಅನ್ನುವ ಅರ್ಥ ಇದೆ. ಮೊದಲಿನದಕ್ಕೆ ಇಲ್ಲ. ಅದು ಬಂದಿರುವುದು ಬರೀ ವ್ಯಾಕರಣಕ್ಕಾಗಿ.

ಅರ್ಥವಿಲ್ಲದ ಈ ಬಗೆಯ ‘ಡು’ ಬಗ್ಗೆ ಶಾಲೆಯಲ್ಲಿ ನಮಗೆ ಹೇಳಿಕೊಡುವುದು ಸಾಮಾನ್ಯವಾಗಿ ಒಂದು ಪಟ್ಟಿ. ಪ್ರಶ್ನೆಗೆ ಡು, ಇಲ್ಲ ಅನ್ನಲು ಡು, ಭೂತಕಾಲಕ್ಕೆ ಡಿಡ್, ಹಿ-ಶಿ-ಇಟ್ ಬಂದರೆ ಡಸ್. ಪಟ್ಟಿ ಬಾಯಿಪಾಠ ಆಗುತ್ತದೆ. ಆದರೂ ಮಾತಾಡುವಾಗ ‘ಡಿಡ್ ಯು ವೆಂಟ್?’, ‘ಶಿ ಡಸಂಟ್ ನೋಸ್’, ‘ಐ ಡಿಡ್ ನಾಟ್ ಸಾ’ ಅಂತ ಬಾಯಿಗೆ ಬರುತ್ತದೆ. ಬುದ್ಧಿ ಕಡಿಮೆ ಅಂತ ಹೀಗಾಗುವುದಲ್ಲ. ಪಟ್ಟಿಯ ಹಿಂದಿರುವ ಕಾರಣವನ್ನು ಯಾರೂ ಹೇಳಿಲ್ಲ, ಅದಕ್ಕೇ. ಕಾರಣ ಒಂದೇ ಒಂದು ಇದೆ. ಅದು ಗೊತ್ತಾದರೆ ಪಟ್ಟಿಯೇ ಬೇಕಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಅದಕ್ಕಿಂತ ಖುಷಿಯ ವಿಷಯ ಅಂದರೆ, ಅದೇ ಕಾರಣದಿಂದ ನಡೆಯುವ ಒಂದು ಕೆಲಸವನ್ನು ಕನ್ನಡಿಗರು ದಿನವೂ ಮಾಡುತ್ತೇವೆ, ಗೊತ್ತಿಲ್ಲದೆಯೇ.

ಒಂದು ವಾಕ್ಯಕ್ಕೆ ಒಂದೇ ಕಾಲ

‘ಹಿ ಕೇಮ್’ ಅನ್ನುವ ಪುಟ್ಟ ವಾಕ್ಯ ನೋಡಿ. ‘ಕೇಮ್’ ಅನ್ನುವ ಒಂದೇ ಪದದಲ್ಲಿ ಎರಡು ಸಂಗತಿಗಳು ಕೂಡಿಕೊಂಡಿವೆ. ಒಂದು ‘ಬರು’ ಅನ್ನುವ ಕೆಲಸ. ಇನ್ನೊಂದು ‘ಆಗಿಹೋಯಿತು’ ಅನ್ನುವ ಕಾಲದ ಗುರುತು. ಕನ್ನಡದ ‘ಬಂದ’ದಲ್ಲೂ ಅಷ್ಟೇ. ಬರು ಇದೆ, ಜೊತೆಗೆ ಭೂತಕಾಲ ಇದೆ.

ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನಲು ‘ನಾಟ್’ ಸೇರಿಸಬೇಕು. ಈಗಿನ ಇಂಗ್ಲಿಷಿನಲ್ಲಿ ‘ನಾಟ್’ ಬಂದು ನಿಲ್ಲುವ ಜಾಗ ಕಾಲದ ಗುರುತಿಗೂ ಕ್ರಿಯಾಪದಕ್ಕೂ ಮಧ್ಯೆ. ಅದು ಅಲ್ಲಿ ನಿಂತಕೂಡಲೇ ಇವೆರಡೂ ಬೇರೆಯಾಗುತ್ತವೆ. ಕಾಲದ ಗುರುತು ಆ ಕಡೆ, ‘ಕಮ್’ ಈ ಕಡೆ. ಕಾಲದ ಗುರುತು ಒಂಟಿಯಾಗಿ ನಿಲ್ಲಲಾರದು, ಅದಕ್ಕೆ ಅಂಟಿಕೊಳ್ಳಲು ಒಂದು ಪದ ಬೇಕೇ ಬೇಕು. ಆಗ ಅರ್ಥವಿಲ್ಲದ ಒಂದು ಕ್ರಿಯಾಪದವನ್ನು ಇಂಗ್ಲಿಷ್ ಅಲ್ಲಿ ಇಡುತ್ತದೆ. ಅದೇ ‘ಡು’. ಭೂತಕಾಲದ ಗುರುತು ಅದಕ್ಕೆ ಅಂಟಿ ‘ಡಿಡ್’ ಆಗುತ್ತದೆ. ‘ಹಿ ಡಿಡ್ ನಾಟ್ ಕಮ್.’ ಕೆಲಸದ ಹೆಸರು ‘ಕಮ್’ನಲ್ಲಿ ಉಳಿಯಿತು, ಕಾಲ ‘ಡಿಡ್’ಗೆ ಹೋಯಿತು.

ಪ್ರಶ್ನೆಯಲ್ಲೂ ಇದೇ ಕಥೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಕಾಲದ ಗುರುತು ಕರ್ತೃವಿನ ಮುಂದಕ್ಕೆ ಬರಬೇಕು. ‘ಹಿ’ಯನ್ನು ದಾಟಿ ಮುಂದೆ ಬಂದಾಗ ಅದು ‘ಕಮ್’ನಿಂದ ದೂರವಾಗುತ್ತದೆ. ಮತ್ತೆ ‘ಡು’ ಬೇಕು. ‘ಡಿಡ್ ಹಿ ಕಮ್?’

ಮನೆಗೆ ಒಂದೇ ಬೀಗದ ಕೈ ಇದೆ ಅಂದುಕೊಳ್ಳಿ. ಅದು ಒಬ್ಬರ ಹತ್ತಿರ ಇದ್ದರೆ ಇನ್ನೊಬ್ಬರ ಹತ್ತಿರ ಇರುವುದಿಲ್ಲ. ವಾಕ್ಯದ ಕಾಲವೂ ಹಾಗೇ. ‘ಡಿಡ್’ ಹತ್ತಿರ ಇದ್ದರೆ ‘ಕಮ್’ ಹತ್ತಿರ ಇರುವುದಿಲ್ಲ. ‘ಡಿಡ್ ಹಿ ಕೇಮ್’ ತಪ್ಪಾಗುವುದು ಇದಕ್ಕೇ. ಅಲ್ಲಿ ಒಂದೇ ಕಾಲವನ್ನು ಎರಡು ಕಡೆ ಹೇಳಿದಂತಾಯಿತು.

‘ಹಿ-ಶಿ-ಇಟ್’ ಜೊತೆ ಬರುವ ‘ಸ್’ ಕೂಡ ಈ ಕಾಲದ ಗುರುತಿನದೇ ಭಾಗ. ‘ಶಿ ವರ್ಕ್ಸ್ ಇನ್ ಹುಬ್ಬಳ್ಳಿ’ ಅನ್ನುವಾಗ ಅದು ‘ವರ್ಕ್’ ಮೇಲಿದೆ. ‘ನಾಟ್’ ಸೇರಿದರೆ ‘ಸ್’ ಹೋಗಿ ‘ಡು’ ಮೇಲೆ ಕೂತು ‘ಡಸ್’ ಆಗುತ್ತದೆ. ‘ಶಿ ಡಸ್ ನಾಟ್ ವರ್ಕ್ ಇನ್ ಹುಬ್ಬಳ್ಳಿ.’ ಹಾಗಾಗಿ ‘ಡಸಂಟ್ ವರ್ಕ್ಸ್’ ಮತ್ತು ‘ಡಿಡ್ ಕೇಮ್’ ಬೇರೆ ಬೇರೆ ತಪ್ಪುಗಳಲ್ಲ, ಒಂದೇ ತಪ್ಪು.

ಕಾಲದ ಗುರುತನ್ನು ಕ್ರಿಯಾಪದದಿಂದ ಬಿಡಿಸಿ ಬೇರೆಯೇ ಒಂದು ತುಂಡು ಅಂತ ನೋಡುವ ಈ ವಿವರಣೆಯನ್ನು ಹೆಸರುವಾಸಿ ಮಾಡಿದ್ದು ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ. 1957ರಲ್ಲಿ ಬಂದ ಅವರ ಒಂದು ಚಿಕ್ಕ ಪುಸ್ತಕದಲ್ಲಿ ಇದು ಮುಖ್ಯವಾದ ಉದಾಹರಣೆ. ಆಮೇಲೆ ವಿವರಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಕಲಿಯುವವರಿಗೆ ಇದಕ್ಕಿಂತ ನೇರವಾದ ವಿವರಣೆ ನನಗೆ ಕಂಡಿಲ್ಲ.

ಈಗ ‘ಡು’ ಯಾವಾಗ ಬೇಡ ಅನ್ನುವುದೂ ತಾನಾಗಿಯೇ ತಿಳಿಯುತ್ತದೆ. ವಾಕ್ಯದಲ್ಲಿ ಆಗಲೇ ಒಂದು ಸಹಾಯಕ ಕ್ರಿಯಾಪದ ಇದ್ದರೆ ಕಾಲ ಅದರ ಹತ್ತಿರವೇ ಇರುತ್ತದೆ. ‘ಕ್ಯಾನ್’, ‘ವಿಲ್’, ‘ಶುಡ್’, ‘ಹ್ಯಾಸ್ ಗಾನ್’ನ ‘ಹ್ಯಾಸ್’, ‘ಈಸ್ ಗೋಯಿಂಗ್’ನ ‘ಈಸ್’, ಎಲ್ಲವೂ ಇದೇ ಗುಂಪು. ಅವು ತಾವೇ ಮುಂದಕ್ಕೆ ಜಿಗಿಯುತ್ತವೆ, ತಾವೇ ‘ನಾಟ್’ ಪಕ್ಕ ನಿಲ್ಲುತ್ತವೆ. ‘ಕ್ಯಾನ್ ಯು ಕಮ್?’, ‘ಹಿ ಈಸ್ ನಾಟ್ ಗೋಯಿಂಗ್.’ ಇಲ್ಲಿ ‘ಡು’ಗೆ ಕೆಲಸವೇ ಇಲ್ಲ.

ನಾವು ಆಗಲೇ ಮಾಡುತ್ತಿರುವುದು

ಈಗ ಕನ್ನಡಕ್ಕೆ ಬನ್ನಿ. ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟ.

‘ಬಂದ’ ಅನ್ನುವುದಕ್ಕೆ ‘ಇಲ್ಲ’ ಸೇರಿಸಿ. ಏನಾಗುತ್ತದೆ? ‘ಬರಲಿಲ್ಲ.’ ‘ಬಂದಲಿಲ್ಲ’ ಅಂತ ಯಾರೂ ಹೇಳುವುದಿಲ್ಲ, ಮಾತು ಕಲಿತ ಮಕ್ಕಳೂ ಹೇಳುವುದಿಲ್ಲ. ತಿಂದ, ತಿನ್ನಲಿಲ್ಲ. ಕೊಟ್ಟ, ಕೊಡಲಿಲ್ಲ. ಹೋದ, ಹೋಗಲಿಲ್ಲ. ಪ್ರತಿ ಸಲವೂ ಭೂತಕಾಲದ ರೂಪ ಮಾಯವಾಗಿ ಕ್ರಿಯಾಪದ ತನ್ನ ಮೂಲ ರೂಪಕ್ಕೆ ವಾಪಸ್ ಹೋಗುತ್ತದೆ. ‘ಬಂದ’ದ ಬದಲು ‘ಬರಲ್’ ಬಂತು, ಅದಕ್ಕೆ ‘ಇಲ್ಲ’ ಸೇರಿತು.

ಇದನ್ನೇ ಇಂಗ್ಲಿಷಿನ ಪಕ್ಕ ಇಟ್ಟು ನೋಡಿ. ಕೇಮ್, ಡಿಡ್ ನಾಟ್ ಕಮ್. ಏಟ್, ಡಿಡ್ ನಾಟ್ ಈಟ್. ಗೇವ್, ಡಿಡ್ ನಾಟ್ ಗಿವ್. ವೆಂಟ್, ಡಿಡ್ ನಾಟ್ ಗೋ. ಎಷ್ಟು ಸರಿಯಾಗಿ ಹೊಂದುತ್ತದೆ, ಅಲ್ವಾ? ‘ಹೋಗಲಿಲ್ಲ’ ಅನ್ನುವಾಗ ನಮ್ಮ ನಾಲಿಗೆ ‘ಹೋದ’ ಅನ್ನುವುದನ್ನು ಬಿಟ್ಟು ‘ಹೋಗು’ಗೆ ಮರಳುತ್ತದಲ್ಲ, ‘ಡಿಡ್ ನಾಟ್’ ಆದಮೇಲೆ ‘ವೆಂಟ್’ ಬಿಟ್ಟು ‘ಗೋ’ಗೆ ಮರಳುವುದೂ ಅದೇ ಕೆಲಸ.

ಹೋಲಿಕೆ ಪೂರ್ತಿ ಇಲ್ಲ ಅನ್ನುವುದನ್ನೂ ಹೇಳಬೇಕು. ಇಂಗ್ಲಿಷಿನ ‘ಡಿಡ್’ ಒಂದನ್ನೇ ನೋಡಿದರೂ ಭೂತಕಾಲ ಕಾಣುತ್ತದೆ. ಕನ್ನಡದ ‘ಇಲ್ಲ’ ಒಂದನ್ನೇ ನೋಡಿದರೆ ಯಾವ ಕಾಲವೂ ಕಾಣುವುದಿಲ್ಲ. ಅದರ ಹಿಂದೆ ಏನಿದೆ ಅನ್ನುವುದರ ಮೇಲೆ ಕಾಲ ಗೊತ್ತಾಗುತ್ತದೆ. ‘ಬರಲಿಲ್ಲ’ ಅಂದರೆ ಆಗಿಹೋದದ್ದು, ‘ಬರುವುದಿಲ್ಲ’ ಅಂದರೆ ಈಗಿನದು ಅಥವಾ ಮುಂದಿನದು, ‘ಬಂದಿಲ್ಲ’ ಅಂದರೆ ಇನ್ನೂ ಬಾಕಿ. ಇನ್ನೊಂದು ವಿಷಯ ಅಂದರೆ ‘ಬಂದೆ, ಬಂದ, ಬಂದಳು, ಬಂದರು’ ಅಂತ ವ್ಯಕ್ತಿಗೆ ತಕ್ಕ ಹಾಗೆ ಬದಲಾಗುವ ಕೊನೆ ‘ಬರಲಿಲ್ಲ’ದಲ್ಲಿ ಇಲ್ಲವೇ ಇಲ್ಲ. ನಾನೂ ಬರಲಿಲ್ಲ, ಅವಳೂ ಬರಲಿಲ್ಲ.

ಹಾಗಾದರೆ ಕನ್ನಡ ಬಲ್ಲವರು ‘ಡಿಡ್ ಯು ವೆಂಟ್’ ಅಂತ ಯಾಕೆ ಹೇಳುತ್ತಾರೆ? ನನಗನ್ನಿಸುವ ಪ್ರಕಾರ ಅದಕ್ಕೂ ಕನ್ನಡದಲ್ಲೇ ಒಂದು ಕಾರಣ ಇದೆ. ನಮ್ಮ ಪ್ರಶ್ನೆಗಳು ಬೇರೆ ದಾರಿ ಹಿಡಿಯುತ್ತವೆ. ‘ಹೋದನಾ?’, ‘ಹೋದೆಯಾ?’, ‘ಬಂದರಾ?’ ಇಲ್ಲೆಲ್ಲ ಭೂತಕಾಲದ ರೂಪ ಹಾಗೇ ಇದೆ, ಕೊನೆಗೆ ಒಂದು ‘ಆ’ ಸೇರಿದೆ ಅಷ್ಟೇ. ‘ಹೋದೆ’ಗೆ ‘ವೆಂಟ್’ ಇಟ್ಟು, ‘ಆ’ಗೆ ‘ಡಿಡ್’ ಇಟ್ಟರೆ ‘ಡಿಡ್ ಯು ವೆಂಟ್’ ತಯಾರಾಗುತ್ತದೆ. ಪ್ರಶ್ನೆ ಕೇಳುವಾಗ ಕನ್ನಡ ನಮ್ಮನ್ನು ತಪ್ಪು ಕಡೆಗೆ ಎಳೆಯಬಹುದು, ‘ಇಲ್ಲ’ ಅನ್ನುವಾಗ ಅದೇ ಕನ್ನಡ ಸರಿಯಾದ ದಾರಿ ತೋರಿಸುತ್ತದೆ. ಅದಕ್ಕೇ ನನ್ನ ಸಲಹೆ ಇಷ್ಟು: ಕಲಿಸುವವರು ಪ್ರಶ್ನೆಯಿಂದ ಶುರು ಮಾಡಬಾರದು. ಮೊದಲು ‘ಹೋಗಲಿಲ್ಲ, ಡಿಡ್ ನಾಟ್ ಗೋ’ ಗಟ್ಟಿಯಾಗಲಿ. ಆಮೇಲೆ ಪ್ರಶ್ನೆಯಲ್ಲೂ ಅದೇ ‘ಗೋ’ ಉಳಿಯುತ್ತದೆ ಅಂತ ಹೇಳಿದರೆ ಮನಸ್ಸಿಗೆ ಹಿಡಿಯುತ್ತದೆ.

ಈ ತಪ್ಪು ನಮಗೆ ಮಾತ್ರ ಸೇರಿದ್ದೂ ಅಲ್ಲ. ಇಂಗ್ಲಿಷನ್ನೇ ತಾಯಿಮಾತಾಗಿ ಕಲಿಯುವ ಪುಟ್ಟ ಮಕ್ಕಳೂ ‘ಡಿಡ್ ಇಟ್ ಫೆಲ್?’ ಅಂತ ಎರಡೂ ಕಡೆ ಭೂತಕಾಲ ಹಾಕಿ ಮಾತಾಡುವುದನ್ನು ಮಕ್ಕಳ ಭಾಷೆ ಗಮನಿಸುವವರು ದಾಖಲಿಸಿದ್ದಾರೆ. ಕಾಲ ಒಂದೇ ಕಡೆ ಇರಬೇಕು ಅನ್ನುವುದನ್ನು ಅವರೂ ಕಲಿತೇ ತಿಳಿಯಬೇಕು. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡುವೆ ‘ಡಿಡ್ ಯು ಗಾಟ್ ದಿ ಮೇಲ್?’ ಅಂದು ಮುಖ ಸಣ್ಣ ಮಾಡಿಕೊಳ್ಳುವವರಿಗೆ ಇದನ್ನು ಮುಖ್ಯವಾಗಿ ಹೇಳಬೇಕು ಅನ್ನಿಸುತ್ತದೆ.

ತೊಡಕು ಅನ್ನಿಸುವ ಮೂರು ಜಾಗಗಳು

ಕಾರಣ ಹಿಡಿದುಕೊಂಡರೆ, ಪಟ್ಟಿಯಲ್ಲಿ ‘ಎಕ್ಸೆಪ್ಷನ್’ ಅಂತ ಬರುವ ಕೆಲವು ಸಂಗತಿಗಳು ಎಕ್ಸೆಪ್ಷನ್ನೇ ಅಲ್ಲ ಅಂತ ಗೊತ್ತಾಗುತ್ತದೆ.

‘ಹೂ ಕೇಮ್?’ ಅನ್ನುವ ಪ್ರಶ್ನೆಯಲ್ಲಿ ‘ಡಿಡ್’ ಇಲ್ಲ. ‘ಹೂ ಡಿಡ್ ಯು ಸೀ?’ ಅನ್ನುವುದರಲ್ಲಿ ಇದೆ. ಎರಡೂ ಪ್ರಶ್ನೆಯೇ, ಎರಡೂ ‘ಹೂ’ನಿಂದಲೇ ಶುರು. ವ್ಯತ್ಯಾಸ ಎಲ್ಲಿ? ಮೊದಲನೆಯದರಲ್ಲಿ ‘ಹೂ’ ತಾನೇ ಕರ್ತೃ. ಬಂದವರು ಯಾರೋ ಅವರನ್ನೇ ಕೇಳುತ್ತಿದ್ದೇವೆ. ಕರ್ತೃ ಆಗಲೇ ಎಲ್ಲಕ್ಕಿಂತ ಮುಂದೆ ಇದೆ, ಅದರ ಪಕ್ಕದಲ್ಲೇ ಕಾಲ, ಅದರ ಪಕ್ಕದಲ್ಲೇ ‘ಕಮ್’. ಕಾಲವನ್ನೂ ಕ್ರಿಯಾಪದವನ್ನೂ ಬೇರೆ ಮಾಡುವುದು ಮಧ್ಯೆ ಏನೂ ಇಲ್ಲ. ಹಾಗಾಗಿ ‘ಕೇಮ್’ ಅಂತಲೇ ಉಳಿಯಿತು. ಎರಡನೆಯದರಲ್ಲಿ ಕರ್ತೃ ‘ಯು’. ಅದನ್ನು ದಾಟಿ ಕಾಲ ಮುಂದಕ್ಕೆ ಬರಬೇಕು, ಆದ್ದರಿಂದ ‘ಡಿಡ್’.

ಕನ್ನಡದಲ್ಲಿ ಇದು ವಿಭಕ್ತಿಯಲ್ಲೇ ಕಾಣುತ್ತದೆ. ‘ಯಾರು ಬಂದರು?’ ಅಂದರೆ ಡು ಬೇಡ. ‘ಯಾರನ್ನು ನೋಡಿದೆ?’, ‘ಯಾರಿಗೆ ಕೊಟ್ಟೆ?’ ಅಂದರೆ ಬೇಕು. ಒಂದು ಎಚ್ಚರಿಕೆ ಮಾತ್ರ ಬೇಕು. ‘ಯಾರಿಗೆ ಗೊತ್ತು?’, ‘ಯಾರಿಗೆ ಕಾಫಿ ಬೇಕು?’ ಅನ್ನುವ ಕಡೆ ಕನ್ನಡದಲ್ಲಿ ‘ಗೆ’ ಇದ್ದರೂ ಇಂಗ್ಲಿಷಿನಲ್ಲಿ ಅದು ಕರ್ತೃವೇ. ‘ಹೂ ನೋಸ್?’, ‘ಹೂ ವಾಂಟ್ಸ್ ಕಾಫಿ?’ ಗೊತ್ತು, ಬೇಕು, ಇಷ್ಟ, ಇಂಥ ಮಾತುಗಳಲ್ಲಿ ನಮ್ಮ ಭಾಷೆ ಮನುಷ್ಯನಿಗೆ ‘ಗೆ’ ಹಚ್ಚುತ್ತದೆ, ಇಂಗ್ಲಿಷ್ ಹಚ್ಚುವುದಿಲ್ಲ. ಅಷ್ಟು ನೆನಪಿದ್ದರೆ ಸಾಕು. ಹಾಗೆಯೇ ‘ಹೂ ಡಿಡ್ ನಾಟ್ ಕಮ್?’ ಅನ್ನುವಾಗ ‘ಡಿಡ್’ ವಾಪಸ್ ಬಂದಿರುವುದನ್ನು ಗಮನಿಸಿ. ಅಲ್ಲಿ ಕಾಲವನ್ನು ಬೇರೆ ಮಾಡಿದ್ದು ‘ನಾಟ್’.

ಎರಡನೆಯದು ‘ನೆವರ್’. ‘ನಾಟ್’ಗೆ ‘ಡಿಡ್’ ಬೇಕು, ‘ನೆವರ್’ಗೆ ಬೇಡ. ‘ಹಿ ನೆವರ್ ಕೇಮ್.’ ಅರ್ಥದಲ್ಲಿ ಎರಡೂ ‘ಇಲ್ಲ’ದ ಕಡೆಯವೇ, ಆದರೆ ವ್ಯಾಕರಣದಲ್ಲಿ ‘ನೆವರ್’ ಬರೀ ಕ್ರಿಯಾವಿಶೇಷಣ. ‘ಆಲ್ವೇಸ್’, ‘ಆಫನ್’ ಇದ್ದ ಹಾಗೆ. ಅದು ಕಾಲಕ್ಕೂ ಕ್ರಿಯಾಪದಕ್ಕೂ ಅಡ್ಡ ಬರುವುದಿಲ್ಲ. ಆದರೆ ಒತ್ತು ಕೊಡಲು ‘ನೆವರ್’ ಅನ್ನು ವಾಕ್ಯದ ಮುಂದಕ್ಕೆ ತಂದರೆ ಕಾಲವೂ ಅದರ ಹಿಂದೆಯೇ ಮುಂದಕ್ಕೆ ಜಿಗಿಯುತ್ತದೆ. ಆಗ ಕರ್ತೃ ಮಧ್ಯೆ ಬಂದು ‘ಡಿಡ್’ ಬೇಕಾಗುತ್ತದೆ. ‘ನೆವರ್ ಡಿಡ್ ಐ ಸೀ ಸಚ್ ರೇನ್.’ ‘ನಾಟ್ ಓನ್ಲಿ ಡಿಡ್ ಹಿ ಕಮ್’ ಅನ್ನುವುದೂ ಇದೇ ಲೆಕ್ಕ.

ಮೂರನೆಯದು ನಮ್ಮಲ್ಲಿ ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಎಡವುವ ಜಾಗ. ‘ಅವನು ಎಲ್ಲಿಗೆ ಹೋದ ಅಂತ ನನಗೆ ಗೊತ್ತಿಲ್ಲ’ ಅನ್ನಲು ‘ಐ ಡೋಂಟ್ ನೋ ವೇರ್ ಡಿಡ್ ಹಿ ಗೋ’ ಅಂತ ಹೇಳಿಬಿಡುತ್ತಾರೆ. ಆಗಬೇಕಾದ್ದು ‘ವೇರ್ ಹಿ ವೆಂಟ್’. ಇಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಸೇರಿಕೊಂಡಿದೆ. ಒಳಗೆ ಸೇರಿದ ಪ್ರಶ್ನೆಯಲ್ಲಿ ಕಾಲ ಮುಂದಕ್ಕೆ ಜಿಗಿಯುವುದಿಲ್ಲ. ಜಿಗಿಯದಿದ್ದರೆ ಬೇರೆಯಾಗುವುದಿಲ್ಲ, ಬೇರೆಯಾಗದಿದ್ದರೆ ‘ಡಿಡ್’ ಬೇಡ. ಕಾಲ ‘ಗೋ’ ಮೇಲೆಯೇ ಕೂತು ‘ವೆಂಟ್’ ಆಗುತ್ತದೆ. ಈಮೇಲ್ ಬರೆಯುವಾಗ ‘ಪ್ಲೀಸ್ ಟೆಲ್ ಮಿ’, ‘ಐ ವಾಂಟ್ ಟು ನೋ’ ಅಂತ ಶುರು ಮಾಡಿದರೆ ಮುಂದಿನ ಭಾಗವನ್ನು ಒಮ್ಮೆ ನೋಡಿಕೊಳ್ಳಿ. ಅಲ್ಲಿ ‘ಡು’, ‘ಡಸ್’, ‘ಡಿಡ್’ ಮುಂದಕ್ಕೆ ಬಂದು ಕೂತಿದ್ದರೆ ತೆಗೆಯಬೇಕು.

‘ಹ್ಯಾವ್’ ಬಗ್ಗೆ ಸ್ವಲ್ಪ. ‘ಬಾ ಬಾ ಬ್ಲ್ಯಾಕ್ ಶೀಪ್, ಹ್ಯಾವ್ ಯು ಎನಿ ವುಲ್?’ ಅಂತ ಎಲ್ಲರೂ ಹಾಡಿದ್ದೇವೆ. ‘ಡು ಯು ಹ್ಯಾವ್’ ಅಂತ ಯಾಕಿಲ್ಲ? ಆ ಪದ್ಯ 18ನೇ ಶತಮಾನದಲ್ಲೇ ಅಚ್ಚಾಗಿತ್ತು. ಆಗ ‘ಹ್ಯಾವ್’ ತಾನೇ ಮುಂದಕ್ಕೆ ಜಿಗಿಯುತ್ತಿತ್ತು, ‘ನನ್ನ ಹತ್ತಿರ ಇದೆ’ ಅನ್ನುವ ಅರ್ಥದಲ್ಲೂ. ಇವತ್ತು ಆ ಅರ್ಥದ ‘ಹ್ಯಾವ್’ ಬೇರೆ ಕ್ರಿಯಾಪದಗಳ ಗುಂಪಿಗೆ ಸೇರಿಹೋಗಿದೆ, ‘ಡು ಯು ಹ್ಯಾವ್’ ಅನ್ನುವುದೇ ರೂಢಿ. ‘ಈಸ್’, ‘ಆರ್’ಗಳ ಮೂಲ ರೂಪವಾದ ‘ಬಿ’ ಮಾತ್ರ ತನ್ನ ಹಳೆಯ ಶಕ್ತಿ ಉಳಿಸಿಕೊಂಡಿದೆ. ‘ಈಸ್ ಹಿ ಎ ಡಾಕ್ಟರ್?’ ಅಂತ ಅದು ಒಂಟಿಯಾಗಿಯೇ ಜಿಗಿಯುತ್ತದೆ. ಅದಕ್ಕೂ ‘ಡು’ ಬೇಕಾಗುವುದು ಆಜ್ಞೆಯಲ್ಲಿ ಮಾತ್ರ: ‘ಡೋಂಟ್ ಬಿ ಲೇಟ್’, ‘ಡು ಬಿ ಕೇರ್‌ಫುಲ್’.

ಮೊದಲು ಹೀಗಿರಲಿಲ್ಲ

ಇಂಗ್ಲಿಷ್ ಯಾವಾಗಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಒಂದು ಕಾಲದಲ್ಲಿ ‘ಡು’ ಇಲ್ಲದೆಯೇ ಎಲ್ಲ ನಡೆಯುತ್ತಿತ್ತು. ಕ್ರಿಯಾಪದ ತಾನೇ ಕರ್ತೃವನ್ನು ದಾಟಿ ಮುಂದೆ ಬರುತ್ತಿತ್ತು, ‘ನಾಟ್’ ಅದರ ಹಿಂದೆ ನಿಲ್ಲುತ್ತಿತ್ತು. ಇಂಗ್ಲಿಷಿನ ದಾಯಾದಿ ಜರ್ಮನ್ ಭಾಷೆ ಇವತ್ತಿಗೂ ಹಾಗೇ ಇದೆ. ‘ಟ್ರಿಂಕನ್ ಝೀ ಕಾಫೆ?’ ಅಂದರೆ ಪದಕ್ಕೆ ಪದ ‘ಕುಡಿಯುತ್ತೀರಿ ನೀವು ಕಾಫಿ?’ ಅಲ್ಲಿ ಸಹಾಯಕ ಕ್ರಿಯಾಪದ ಬೇಡ.

ಹಾಗಾದರೆ ‘ಡು’ ಎಲ್ಲಿಂದ ಬಂತು? ಒಂದು ವಿವರಣೆ ಕನ್ನಡಿಗರಿಗೆ ಬಹಳ ಸುಲಭವಾಗಿ ಅರ್ಥವಾಗುತ್ತದೆ. ‘ಕೆಂಪೇಗೌಡರು ಕೆರೆ ಕಟ್ಟಿಸಿದರು’ ಅಂತಲೂ ಹೇಳುತ್ತೇವೆ, ‘ಕೆರೆ ಕಟ್ಟಿದರು’ ಅಂತಲೂ ಹೇಳುತ್ತೇವೆ. ಅವರೇ ಮಣ್ಣು ಹೊತ್ತು ಕಟ್ಟಲಿಲ್ಲ ಅಂತ ಎರಡರಲ್ಲೂ ಗೊತ್ತು. ಅಂಥ ವಾಕ್ಯದಲ್ಲಿ ‘ಇಸು’ ಇದ್ದರೂ ಹೋದರೂ ಸಂಗತಿ ಒಂದೇ. ಮಧ್ಯಕಾಲದ ಇಂಗ್ಲಿಷಿನ ಕೆಲವು ಪ್ರಾಂತ್ಯಗಳಲ್ಲಿ ‘ಡು’ಗೆ ಇದೇ ‘ಇಸು’ ಅರ್ಥ ಇತ್ತು, ಅಂದರೆ ಮಾಡಿಸು. ಅರಸ ಕೋಟೆ ‘ಡಿಡ್ ಬಿಲ್ಡ್’ ಅಂದರೆ ಕಟ್ಟಿಸಿದ. ಕೇಳುವವರಿಗೆ ‘ಕಟ್ಟಿದ’ ಅಂತಲೂ ಕೇಳಿಸಬಹುದು. ಹೀಗೆ ಕೇಳಿ ಕೇಳಿ ‘ಡು’ನ ಅರ್ಥ ಸವೆಯಿತು, ರೂಪ ಉಳಿಯಿತು. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಈ ವಾದ ಮಂಡಿಸಿದರು. ಇನ್ನೊಂದು ವಾದವೂ ಇದೆ. ಇಂಗ್ಲಿಷರಿಗಿಂತ ಮೊದಲೇ ಬ್ರಿಟನ್ನಿನಲ್ಲಿದ್ದ ಕೆಲ್ಟಿಕ್ ಜನರ ಭಾಷೆಗಳಿಂದ ಇದು ಬಂತು ಅನ್ನುವುದು. ಆ ಗುಂಪಿಗೆ ಸೇರಿದ ವೆಲ್ಷ್ ಭಾಷೆಯಲ್ಲಿ ‘ಮಾಡು’ ಅನ್ನುವ ಕ್ರಿಯಾಪದ ಸಹಾಯಕವಾಗಿ ಬರುತ್ತದೆ ಅನ್ನುವುದು ನಿಜ. ಆದರೆ ಅಲ್ಲಿಂದಲೇ ಇಂಗ್ಲಿಷಿಗೆ ಬಂತು ಅನ್ನುವುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ.

ಎಲ್ಲೆಗೋರ್ಡ್ ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಡು’ ಎಲ್ಲೆಲ್ಲಿ ಬಂದಿದೆ ಅಂತ ಒಂದೊಂದಾಗಿ ಎಣಿಸಿದರು. ಆ ಲೆಕ್ಕದಲ್ಲಿ ಕಾಣುವ ಚಿತ್ರ ಬಹಳ ಸೊಗಸಾಗಿದೆ. ಎಲ್ಲಕ್ಕಿಂತ ಮೊದಲು ‘ಡು’ ಬೇರು ಬಿಟ್ಟಿದ್ದು ‘ಬರಲಿಲ್ಲವಾ?’ ಅನ್ನುವಂಥ ವಾಕ್ಯಗಳಲ್ಲಿ. ಅಂದರೆ ಪ್ರಶ್ನೆಯೂ ಇದೆ, ಇಲ್ಲವೂ ಇದೆ. ಆಮೇಲೆ ಬರೀ ಪ್ರಶ್ನೆಗಳಲ್ಲಿ. ಅದಾದಮೇಲೆ ‘ಇಲ್ಲ’ ಅನ್ನುವ ವಾಕ್ಯಗಳಲ್ಲಿ. ಏನೂ ಅಡ್ಡಿ ಇಲ್ಲದ ‘ಬಂದ’ ಅನ್ನುವಂಥ ಸಾದಾ ವಾಕ್ಯದಲ್ಲೂ ‘ಡು’ ಸುಮ್ನೆ ಬರುತ್ತಿತ್ತು. 16ನೇ ಶತಮಾನದ ಮಧ್ಯದವರೆಗೆ ಅದು ಹೆಚ್ಚುತ್ತಾ ಹೋಗಿ, ಆಮೇಲೆ ಇಳಿಯಿತು. ಯಾಕೆ ಇಳಿಯಿತು ಅನ್ನುವುದನ್ನು ಮೊದಲು ಹೇಳಿದ ಕಾರಣದಿಂದಲೇ ಊಹಿಸಬಹುದು. ಅಲ್ಲಿ ಕಾಲಕ್ಕೂ ಕ್ರಿಯಾಪದಕ್ಕೂ ಮಧ್ಯೆ ಏನೂ ಬಂದಿಲ್ಲ. ‘ಡು’ ಇರಬೇಕಾದ ಅಗತ್ಯವೇ ಇರಲಿಲ್ಲ.

ಈ ಬದಲಾವಣೆ ನಡೆಯುತ್ತಿದ್ದ ಕಾಲದಲ್ಲೇ ಶೇಕ್ಸ್‌ಪಿಯರ್ ಬರೆದದ್ದು. ಹಾಗಾಗಿ ಅವನಲ್ಲಿ ಎರಡೂ ಸಿಗುತ್ತವೆ. ‘ಹ್ಯಾಮ್ಲೆಟ್’ ನಾಟಕದ ಮೊದಲ ಅಂಕದಲ್ಲಿ ರಾಜಕುಮಾರ ‘ಐ ನೋ ನಾಟ್’ ಅನ್ನುತ್ತಾನೆ, ನಾಲ್ಕನೇ ಅಂಕದಲ್ಲಿ ಅವನೇ ‘ಐ ಡು ನಾಟ್ ನೋ’ ಅನ್ನುತ್ತಾನೆ. ಎರಡಕ್ಕೂ ‘ನನಗೆ ಗೊತ್ತಿಲ್ಲ’ ಅಂತಲೇ ಅರ್ಥ. 1611ರ ಇಂಗ್ಲಿಷ್ ಬೈಬಲಿನಲ್ಲಿ ಹೊಲದ ಹೂಗಳ ಬಗ್ಗೆ ಒಂದು ಮಾತಿದೆ: ‘ದೆ ಟಾಯ್ಲ್ ನಾಟ್, ನೈದರ್ ಡು ದೆ ಸ್ಪಿನ್.’ ದುಡಿಯುವುದಿಲ್ಲ ಅನ್ನುವುದು ‘ಡು’ ಇಲ್ಲದೆ ಬಂದಿದೆ, ನೂಲುವುದಿಲ್ಲ ಅನ್ನುವುದು ‘ಡು’ ಜೊತೆ ಬಂದಿದೆ. ಹಳೆಯದೂ ಹೊಸದೂ ಒಂದೇ ಸಾಲಿನಲ್ಲಿ.

ಹಳೆಯ ರೂಪವನ್ನು ಕೊನೆಯವರೆಗೂ ಬಿಡದೆ ಹಿಡಿದುಕೊಂಡ ಕ್ರಿಯಾಪದಗಳಲ್ಲಿ ‘ನೋ’ ಒಂದು. ಎಲ್ಲರೂ ‘ಡು ನಾಟ್’ ಅನ್ನಲು ಶುರು ಮಾಡಿದಮೇಲೂ ‘ಐ ನೋ ನಾಟ್’ ಬಹಳ ಕಾಲ ಉಳಿಯಿತು. ಇದನ್ನು ಓದುವಾಗ ನನಗೆ ಕನ್ನಡದ ‘ಅರಿಯೆ’ ನೆನಪಾಗುತ್ತದೆ. ಹಳೆಯ ಕನ್ನಡದಲ್ಲಿ ‘ಇಲ್ಲ’ ಸೇರಿಸದೆಯೇ ಕ್ರಿಯಾಪದದಲ್ಲೇ ನಿಷೇಧ ಹೇಳಬಹುದಿತ್ತು. ನೋಡೆನು, ನೋಡನು, ನೋಡರು. ನೋಡುವುದಿಲ್ಲ, ನೋಡಲಿಲ್ಲ, ಎರಡಕ್ಕೂ ಅದೇ ರೂಪ. ಕಾಲದ ಗುರುತು ಅದರಲ್ಲಿ ಇರಲೇ ಇಲ್ಲ. ಬರಬರುತ್ತಾ ‘ಇಲ್ಲ’ದ ಜೊತೆ ಕಟ್ಟಿದ ರೂಪಗಳು ಆ ಜಾಗಕ್ಕೆ ಬಂದವು. ಹಳೆಯದು ಅಲ್ಲಲ್ಲಿ ಉಳಿದಿದೆ. ಬಸವಣ್ಣನವರ ವಚನಗಳಲ್ಲಿ ‘ಅರಿಯೆ’ ಸಿಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಒಲ್ಲೆ’ ಇವತ್ತಿಗೂ ದಿನದ ಮಾತು. ‘ಆಗದು’, ‘ಬಾರದು’ ಎಲ್ಲರಿಗೂ ಗೊತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ನೇರ ನಿಷೇಧ ಬಿಟ್ಟು ಇನ್ನೊಂದು ಪದದ ನೆರವು ಪಡೆದವು, ಎರಡರಲ್ಲೂ ‘ತಿಳಿ’ ಅನ್ನುವ ಅರ್ಥದ ಕ್ರಿಯಾಪದ ಹಳೆಯದನ್ನು ಜಾಸ್ತಿ ದಿನ ಇಟ್ಟುಕೊಂಡಿತು. ದಿನವೂ ಬಳಸುವ ಮಾತು ಬೇಗ ಬದಲಾಗುವುದಿಲ್ಲ ಅನ್ನುವುದು ಇದಕ್ಕೆ ಕಾರಣ ಇರಬಹುದು.

ಉಳಿದ ಕೆಲಸಗಳು

‘ಡು’ ಇನ್ನೂ ಎರಡು ಮೂರು ಕಡೆ ಬರುತ್ತದೆ. ಬೇಗ ಹೇಳಿಬಿಡುತ್ತೇನೆ. ‘ಬಂದ್ಯಾ?’ ಅಂದರೆ ನಾವು ‘ಬಂದೆ’ ಅಂತ ಕ್ರಿಯಾಪದವನ್ನೇ ತಿರುಗಿ ಹೇಳುತ್ತೇವೆ. ಇಂಗ್ಲಿಷಿನವರು ಕ್ರಿಯಾಪದ ಬಿಟ್ಟು ಕಾಲವನ್ನು ಮಾತ್ರ ಹೇಳುತ್ತಾರೆ, ‘ಯೆಸ್, ಐ ಡಿಡ್’ ಅಂತ. ನಮ್ಮ ‘ಅಲ್ವಾ’ ಯಾವ ವಾಕ್ಯದ ಕೊನೆಗಾದರೂ ಸೇರುತ್ತದೆ. ಇಂಗ್ಲಿಷಿನಲ್ಲಿ ಆ ಜಾಗದಲ್ಲೂ ವಾಕ್ಯದ ಕಾಲವೇ ಬರಬೇಕು. ‘ಯು ಕೇಮ್ ಯೆಸ್ಟರ್‌ಡೇ, ಡಿಡಂಟ್ ಯು?’ ಇಲ್ಲಿ ‘ಈಸಂಟ್ ಇಟ್?’ ಅಂತ ಹೇಳುವುದು ಭಾರತದ ಇಂಗ್ಲಿಷಿನ ರೂಢಿ. ನಮ್ಮ ನಡುವೆ ಅದು ಎಲ್ಲರಿಗೂ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ಒತ್ತು ಕೊಡುವ ‘ಡು’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದರ ಬಳಕೆ ಕೊಂಚ ಕೆಟ್ಟಿದೆ. ‘ನೀನು ಫೋನ್ ಮಾಡಲೇ ಇಲ್ಲ’ ಅಂತ ಯಾರಾದರೂ ದೂರಿದಾಗ ‘ಮಾಡಿದ್ದೆ ಕಣೋ!’ ಅನ್ನುತ್ತೇವಲ್ಲ, ಅದು ಇಂಗ್ಲಿಷಿನಲ್ಲಿ ‘ಐ ಡಿಡ್ ಕಾಲ್ ಯು!’ ದನಿಯ ಒತ್ತು ‘ಡಿಡ್’ ಮೇಲೆ ಬೀಳಬೇಕು. ಎದುರಿನವರ ಮಾತನ್ನು ಅಲ್ಲಗಳೆಯುವಾಗ ಅದು ಸರಿಯಾಗಿ ಕೂರುತ್ತದೆ. ‘ಡು ಕಮ್ ಹೋಮ್’ ಅಂದರೆ ‘ಮನೆಗೆ ಖಂಡಿತ ಬನ್ನಿ’. ಆದರೆ ಯಾವ ಒತ್ತೂ ಇಲ್ಲದೆ, ಸುಮ್ನೆ ನಡೆದದ್ದನ್ನು ಹೇಳುವಾಗ ‘ಯೆಸ್ಟರ್‌ಡೇ ಐ ಡಿಡ್ ಗೋ ಟು ದಿ ಬ್ಯಾಂಕ್’ ಅಂದರೆ ಕೇಳುವವರು, ‘ಹೋಗಿಲ್ಲ ಅಂತ ಯಾರು ಹೇಳಿದರು?’ ಅಂದುಕೊಳ್ಳುತ್ತಾರೆ. ‘ಐ ವೆಂಟ್’ ಸಾಕು.

ಒತ್ತಿಲ್ಲದ ಆ ಸಾದಾ ‘ಡು’ 16ನೇ ಶತಮಾನದ ಬರಹದಲ್ಲಿ ಬೇಕಾದಷ್ಟಿತ್ತು ಅಂತ ಮೇಲೆ ಹೇಳಿದೆ. ಮಾತಿನಿಂದ ಹೋದರೂ ಅದು ಕಾನೂನಿನ ಭಾಷೆಯಲ್ಲಿ ಗಟ್ಟಿಯಾಗಿ ಉಳಿದಿದೆ. ನಮ್ಮ ಸಂವಿಧಾನದ ಇಂಗ್ಲಿಷ್ ಪೀಠಿಕೆ ‘ವಿ, ದಿ ಪೀಪಲ್ ಆಫ್ ಇಂಡಿಯಾ’ ಅಂತ ಶುರುವಾಗುತ್ತದೆ. ಕರ್ತೃ ಅದು. ಮಧ್ಯೆ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಲ್ಲ ಬರುತ್ತವೆ, ಆಮೇಲೆ 1949ರ ನವೆಂಬರ್ 26ರ ತಾರೀಕು ಬರುತ್ತದೆ. ಅಷ್ಟೆಲ್ಲ ದಾಟಿದಮೇಲೆ ಮುಖ್ಯ ಕ್ರಿಯಾಪದ: ‘ಡು ಹಿಯರ್‌ಬೈ ಅಡಾಪ್ಟ್, ಎನ್ಯಾಕ್ಟ್ ಅಂಡ್ ಗಿವ್ ಟು ಅವರ್‌ಸೆಲ್ವ್ಸ್ ದಿಸ್ ಕಾನ್‌ಸ್ಟಿಟ್ಯೂಷನ್.’ ಪ್ರಶ್ನೆ ಇಲ್ಲ, ನಾಟ್ ಇಲ್ಲ, ಯಾರ ಮಾತನ್ನೂ ಅಲ್ಲಗಳೆಯುತ್ತಿಲ್ಲ. ಆದರೂ ‘ಡು’ ಇದೆ. ಅಷ್ಟು ಉದ್ದದ ವಾಕ್ಯದಲ್ಲಿ ಓದುವವರಿಗೆ ‘ಇಗೋ, ಕ್ರಿಯಾಪದ ಇಲ್ಲಿಂದ ಶುರು’ ಅಂತ ಅದು ತೋರಿಸುತ್ತದೆ. ಮಂತ್ರಿಗಳು ಇಂಗ್ಲಿಷಿನಲ್ಲಿ ಪ್ರಮಾಣ ವಚನ ತೆಗೆದುಕೊಳ್ಳುವಾಗ ತಮ್ಮ ಹೆಸರು ಹೇಳಿ ‘ಡು ಸ್ವೇರ್ ಇನ್ ದಿ ನೇಮ್ ಆಫ್ ಗಾಡ್’ ಅಥವಾ ‘ಡು ಸಾಲಮ್ಲಿ ಅಫರ್ಮ್’ ಅನ್ನುವುದೂ ಇದೇ ‘ಡು’. ನೋಟರಿ ಹತ್ತಿರ ಮಾಡಿಸುವ ಅಫಿಡವಿಟ್ಟಿನಲ್ಲಿ, ನಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಎಲ್ಲ ಆದಮೇಲೆ ‘ಡು ಹಿಯರ್‌ಬೈ’ ಅಂತ ಬರುವುದೂ ಇದೇ. ಮುಂದಿನ ಸಲ ಅದನ್ನು ಓದುವಾಗ ‘ಡು’ ಮೇಲೆ ದನಿ ಏರಿಸಬೇಕಾಗಿಲ್ಲ. ಅದು ಒತ್ತು ಕೊಡುವ ‘ಡು’ ಅಲ್ಲ, ತೆಗೆದು ಓದಿದರೂ ವ್ಯಾಕರಣದ ಲೆಕ್ಕದಲ್ಲಿ ವಾಕ್ಯ ಸರಿಯಾಗಿಯೇ ಇರುತ್ತದೆ.